ಮೊದಲ ಬಿಂದಿಗೆ

ನಾನು ಈ ಊರಿನ ನೀರುಗಂಟಿ. ನನ್ನನ್ನು ಬೈಯದ ಹೆಂಗಸು ಇಲ್ಲಿಲ್ಲ, ನನ್ನ ದಾರಿ ಕಾಯದ ಗಂಡಸೂ ಇಲ್ಲ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕರಿಂದ ಆರು, ದಿನಕ್ಕೆ ಎರಡು ಹೊತ್ತು ನಾನು ವಾಲ್ವು ತಿರುಗಿಸಿದರೆ ಮನೆಮನೆಯ ನಲ್ಲಿಯಲ್ಲಿ ನೀರೂ ಬರುತ್ತದೆ, ಮಾತೂ ಬರುತ್ತದೆ. ನೀರು ನಿಂತ ಮೇಲೆ ಜನ ನಲ್ಲಿಯ ಬಾಯಿಗೆ ಬಾಯಿಟ್ಟು, ಇಂಥವರಿಗೆ ಎಂದು ಹೆಸರು ಹಿಡಿದು, ಹೇಳುವುದನ್ನು ಹೇಳಿ ಹೋಗುತ್ತಾರೆ. ಮುಂದಿನ ಹೊತ್ತಿನ ನೀರಿನಲ್ಲಿ ಅದು ಆ ಹೆಸರಿನವರ ಬಿಂದಿಗೆಗೆ ಬಂದು ಬೀಳುತ್ತದೆ. ಹಿಡಿಯದೆ ಬಿಟ್ಟ ಮಾತು ಹಾಳಾಗುವುದಿಲ್ಲ, ಕೊಳವೆಯಲ್ಲೇ ಕಾದಿರುತ್ತದೆ. ಮಾತು ಬರುವಾಗ ನಮ್ಮಲ್ಲಿ ಯಾರೂ ಪಾತ್ರೆ ತಿಕ್ಕುವುದಿಲ್ಲ. ಅತ್ತೆಯ ಮಾತು ಬರುವಾಗ ಮಾತ್ರ ಸೊಸೆಯರು ತಿಕ್ಕುತ್ತಾರೆ, ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನಬಹುದಲ್ಲ.

ನಮ್ಮಪ್ಪನೂ ನೀರುಗಂಟಿ, ಅವರಪ್ಪನೂ ನೀರುಗಂಟಿ. ಮನೆತನದ ಕಟ್ಟಳೆ ಸಣ್ಣದು. ಯಾವ ಬೀದಿಯಾದರೂ ವಾಲ್ವು ಏಳು ಸುತ್ತು. ಮಾತು ಯಾರದಾದರೂ ಹೇಳಿದ ಸರದಿಯಲ್ಲೇ ಹೋಗಬೇಕು. ಮಂಡಿಯ ದರ ಇರಲಿ, ಬಸುರಿಯ ಬಯಕೆ ಇರಲಿ, ಕುಡುಕನ ಹಾಡಿರಲಿ, ಮೊದಲು ಹೇಳಿದ್ದು ಮೊದಲು. ಚಿಕ್ಕವನಿದ್ದಾಗ ನಾನೊಮ್ಮೆ, ಕುಡುಕನ ಹಾಡನ್ನು ಹಿಂದೆ ಹಾಕಿ ಡಾಕ್ಟರ ಮಾತನ್ನು ಮುಂದೆ ಬಿಡಬಾರದೇನಪ್ಪ ಎಂದು ಕೇಳಿದ್ದೆ. "ಇವತ್ತು ಡಾಕ್ಟರು ಮುಂದೆ ಅಂತೀಯ, ನಾಳೆ ಡಾಕ್ಟರ ಭಾವಮೈದ ಬತ್ತಾನೆ. ಮಾತು ತೂಗಾಕೆ ನೀನೇನು ಕಿರಾಣಿ ಅಂಗಡಿಯವನೇನ್ಲಾ? ತಿರುಗ್ಸು, ಸುಮ್ನೆ ನಡಿ," ಎಂದಿದ್ದರು ನಮ್ಮಪ್ಪ.

ಮೂರು ತಿಂಗಳ ಹಿಂದೆ ಕೊಳವೆ ಕಂಪನಿಯಿಂದ ಪ್ರಭಂಜನ ಎಂಬುವವರು ಬಂದರು. ಬಹಳ ಮರ್ಯಾದಸ್ಥ ಮನುಷ್ಯ. ಬಂದವರೇ ನನ್ನನ್ನು ಹಾಲಪ್ಪನವರೇ ಎಂದರು. ಅದುವರೆಗೆ ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದವಳು ನನ್ನ ಹೆಂಡತಿ ಹೊನ್ನೂರಿ ಒಬ್ಬಳೇ, ಅದೂ ಸಿಟ್ಟು ಬಂದಾಗ. ಊರಿನ ಹಳೆ ಕೊಳವೆಗಳು ತುಕ್ಕು ಹಿಡಿದು, ಮಾತೆಲ್ಲ ಗೊಗ್ಗರು ಗಂಟಲಿನಲ್ಲಿ ಬರುತ್ತಿದ್ದ ಕಾಲ ಅದು. ಕಂಪನಿ ಹೊಸ ಕೊಳವೆ ಹಾಕಿಕೊಡುತ್ತದೆ, ಊರವರು ಒಂದು ಕಾಸೂ ಕೊಡಬೇಕಾಗಿಲ್ಲ, ಬದಲಿಗೆ ಪ್ರತಿ ಮನೆಯ ಮೊದಲ ಎರಡು ಮೂರು ಬಿಂದಿಗೆಗಳಲ್ಲಿ ಕಂಪನಿ ಹೇಳಿದವರ ಮಾತು ಬರುತ್ತದೆ, ಅಷ್ಟೇ ಎಂದರು. "ಯಾರ ಮಾತನ್ನೂ ನಾವು ತಡೆಯೋದಿಲ್ಲ ಹಾಲಪ್ಪನವರೇ. ಕೆಲವರದು ಸ್ವಲ್ಪ ಮುಂದೆ ಹೋಗುತ್ತೆ, ಅಷ್ಟೇ." ತಡೆಯೋದಿಲ್ಲ ಎಂಬ ಮಾತು ಕೇಳಲು ಹಿತವಾಗಿತ್ತು. ಸಾಲಿನ ಮುಂದಕ್ಕೆ ದಿನಾ ಯಾರಾದರೂ ಬಂದು ಸೇರುತ್ತಿದ್ದರೆ ಹಿಂದೆ ನಿಂತವನನ್ನು ಬೇರೆ ತಡೆಯಬೇಕಾಗಿಲ್ಲ ಎಂದು ನನಗಾಗಲಿ ಊರಿನ ಹಿರಿಯರಿಗಾಗಲಿ ಹೊಳೆಯಲಿಲ್ಲ. ಪುಕ್ಕಟೆ ಕೊಳವೆ ಯಾರು ಬೇಡವೆಂದಾರು?

ನನಗೆ ಒಂದು ನೀಲಿ ಟೋಪಿ ಕೊಟ್ಟರು, ಪೀಪಿ ಕೊಟ್ಟರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ನಾನು ಊಟಕ್ಕೆ ಕೂತಾಗಲೂ ಟೋಪಿ ತೆಗೆಯಲಿಲ್ಲ. ಚಾವಡಿಯ ಕೋಣೆಯಲ್ಲಿ ಕಂಪನಿಯವರು ಒಂದು ಹಿತ್ತಾಳೆ ಬಾಯಿ ಕೂರಿಸಿದರು. ಅದರೊಳಗೆ ಹೇಳಿದ ಮಾತು ನೇರ ಎಲ್ಲರ ಮೊದಲ ಬಿಂದಿಗೆಗೆ. ಮೊದಲು ಬಂದವರು ಸಂಪತ್ತು ಶೆಟ್ಟರು, ದೊಡ್ಡ ಬೀದಿಯ ಅಂಗಡಿಯವರು. ಮರುದಿನದಿಂದ ಊರಿಗೆ ಊರೇ ಶೆಟ್ಟರ ಹಾಡಿಗೆ ಎದ್ದಿತು: "ಬೆಳಗಾಯಿತೇಳಿ, ಬಿಂದಿಗೆ ಹಿಡಿಯಿರಿ, ಶೆಟ್ಟರ ಬೇಳೆಗೆ ನೀರೇ ಬೇಡಿರಿ." ನೀರಿಲ್ಲದೆ ಬೇಯುವ ಬೇಳೆ ಯಾವುದು ಎಂದು ಯಾರೂ ಕೇಳಲಿಲ್ಲ. ರಾಗ ಚೆನ್ನಾಗಿತ್ತು. ನಾನೂ ವಾಲ್ವು ತಿರುಗಿಸುವಾಗ ಗುನುಗುತ್ತಿದ್ದೆ.

ಹಿತ್ತಾಳೆ ಬಾಯಿಗೆ ಒತ್ತಡ ಸಾಲುತ್ತಿಲ್ಲ ಎಂದು ಪ್ರಭಂಜನರು ಒಂದು ದಿನ ಪೇಚಾಡಿಕೊಂಡರು. "ಕೊನೇಬೀದಿಗೆ ಅಷ್ಟೊಂದು ಯಾಕೆ? ಅಲ್ಲಿರೋದು ಇಪ್ಪತ್ತು ಮನೆ. ಮೂರು ಸುತ್ತು ಸಾಕಾಗಲ್ವೇ?" ಕೊನೇಬೀದಿ ನನ್ನ ಹೆಂಡತಿಯ ತವರು. ಆದರೂ ನಾನು ಮೂರು ಸುತ್ತಿಗೆ ಇಳಿಸಿದೆ. ಟೋಪಿ ಹಾಕಿಕೊಂಡಾಗ ತಲೆ ಎಷ್ಟು ಬಿಸಿಯಾಗುತ್ತದೆ ಎಂಬುದು ಹಾಕಿಕೊಂಡವನಿಗೇ ಗೊತ್ತು.

ಹೊನ್ನೂರಿಗೆ ವಿಷಯ ತಿಳಿದದ್ದು ತಿಂಗಳ ಮೇಲೆ. ರೊಟ್ಟಿ ತಟ್ಟುತ್ತಿದ್ದವಳು ಕೈ ತೊಳೆಯದೆ ನನ್ನ ಮುಂದೆ ಬಂದು ನಿಂತಳು. "ನಮ್ಮ ಬೀದಿಗೆ ಮೂರು ಸುತ್ತಂತೆ?"

"ಒತ್ತಡ ಸಾಲ್ದು ಕಣೇ."

"ಜೈಬುನ್ನೀಸಾ ಬೂಬಮ್ಮ ಹಳೇ ಸೀರೆ ಸೇರಿಸಿ ಕೌದಿ ಹೊಲೀತಾಳೆ, ಅವಳಿಗೆ ಬರೋ ಆರ್ಡರೆಲ್ಲ ನೀರಾಗೇ ಬರ್ಬೇಕು. ಒಂದು ತಿಂಗಳಿಂದ ಒಂದು ಮಾತೂ ಬಂದಿಲ್ವಂತೆ. ಬಿಂದಿಗೆ ತುಂಬೋದ್ರೊಳಗೆ ಶೆಟ್ಟರ ಹಾಡು ಮುಗಿಯಾಕಿಲ್ಲ, ನೀರೇ ನಿಂತೋಯ್ತದೆ."

"ಆ ಬೀದಿಯವರ ಮಾತು ಅಂದ್ರೆ ಬರೀ ಹರಟೆ. ಎರಡು ದಿನ ತಡವಾದ್ರೆ ಯಾವ ರಾಜ್ಯ ಮುಳುಗ್ತದೆ?" ಎಂದುಬಿಟ್ಟೆ. ಅವಳು ನನ್ನ ಟೋಪಿಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. "ಹಂಗಾದ್ರೆ ಹಾಲಪ್ಪನವರೇ, ನಾನೂ ಅದೇ ಬೀದಿಯವಳು. ಆ ಮೂರು ಸುತ್ತಿನಾಗೇ ಬದುಕ್ತೀನಿ," ಎಂದು ಉಟ್ಟ ಸೀರೆಯಲ್ಲೇ ಹೊರಟು ಅಣ್ಣ ಪಾಲಯ್ಯನ ಮನೆ ಸೇರಿದಳು. ಒಲೆಯ ಮೇಲಿನ ರೊಟ್ಟಿ ಸೀದಿತು.

ನಮ್ಮೂರಲ್ಲಿ ಇದಕ್ಕೊಂದು ಪದ್ಧತಿಯಿದೆ. ಮುನಿಸಿಕೊಂಡು ಹೋದವರು ಸಿಟ್ಟಿಳಿದ ಮೇಲೆ ನೀರಿನಲ್ಲಿ ಬಾ ಎಂದು ಕರೆಯುತ್ತಾರೆ, ಮನೆಯಲ್ಲಿ ಉಳಿದವರು ಹೋಗಿ ಕರೆತರಬೇಕು. ಕರೆಯದೆ ಹೋಗುವಂತಿಲ್ಲ, ಅದು ಸಿಟ್ಟಿಗೆ ಮಾಡಿದ ಅವಮಾನ. ಮೂರು ಸಲ ಕರೆದರೂ ಬರದಿದ್ದರೆ ಹೋದವರು ತಮ್ಮ ಟ್ರಂಕು ತರಿಸಿಕೊಳ್ಳುತ್ತಾರೆ. ಟ್ರಂಕು ತಂದ ದಿನವೇ, ದೀಪ ಹಚ್ಚುವ ಹೊತ್ತಿಗೆ ಅದರ ಬೀಗ ತೆಗೆಯುವುದು ರೂಢಿ. ಬೀಗ ತೆಗೆದರೆ ಸಂಸಾರ ಮುಗಿಯಿತು. ಅಷ್ಟರೊಳಗೆ ಈ ಕಡೆಯಿಂದ ತಪ್ಪೊಪ್ಪಿಗೆ ಬಂದರೆ ಉಂಟು, ಆದರೆ ನೀರಿನಲ್ಲೇ ಬರಬೇಕು. ಬಾಯಿಮಾತಿಗೆ ನಮ್ಮಲ್ಲಿ ಕಿಮ್ಮತ್ತಿಲ್ಲ.

ನಾನು ದಿನಾ ಬೆಳಿಗ್ಗೆ ಸಂಜೆ ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಾದೆ. ಒಂಟಿ ಗಂಡಸಿಗೆ ಎಷ್ಟು ನೀರು ಬೇಕು? ಎರಡು ಬಿಂದಿಗೆ. ಮೊದಲನೆಯದರಲ್ಲಿ ಶೆಟ್ಟರ ಬೇಳೆ, ಎರಡನೆಯದರಲ್ಲಿ ಶೆಟ್ಟರ ರೆಡಿಮೇಡ್ ಕಂಬಳಿ. ನಲ್ಲಿ ನಿಲ್ಲಿಸಿ ಏಳುತ್ತಿದ್ದೆ. ಹೊನ್ನೂರಿ ಕರೆಯಲಿಲ್ಲ. ಒಂದು ವಾರ ಸಿಟ್ಟು ಮಾಡಿದೆ, ಇನ್ನೊಂದು ವಾರ ಜಂಬ ಮಾಡಿದೆ, ಮೂರನೇ ವಾರ ನನ್ನ ಕೈಲಾಗಲಿಲ್ಲ. ಅವಳಿಲ್ಲದ ಮನೆ ನನಗೆ ಬೇಡವಾಗಿತ್ತು. ಅನ್ನ ಬೇಯಿಸಿ, ತಿನ್ನಲಾರದೆ ಕಾಗೆಗೆ ಹಾಕಿ, ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ಇಪ್ಪತ್ತಮೂರನೇ ದಿನ ಬೆಳಿಗ್ಗೆ ಏಳಕ್ಕೆ ಪಾಲಯ್ಯ ತಳ್ಳುಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. "ಟ್ರಂಕು ಕೊಡು ಭಾವ," ಎಂದ.

"ಕರೀದೇನೇ ಟ್ರಂಕು ಕೇಳ್ತೀರಾ? ಇದ್ಯಾವ ನ್ಯಾಯ?" ಎಂದೆ.

"ಕರೀಲಿಲ್ವಾ? ಮೂರು ಸಲ ಕರೆದ್ಳಲ್ಲೋ! ನಮ್ಮನೆ ನಲ್ಲೀಗೆ ಬಾಯಿ ಇಟ್ಟು ಮೂರು ಸಲಾನೂ ನನ್ನ ಎದುರಿಗೇ ಹೇಳಿದಾಳೆ. ನೀನು ಕೇಳಿಸ್ಕಂಡೂ ಕೇಳಿಸ್ದಂಗೆ ಕುಂತಿದೀಯ ಅಂತ ಬೀದಿಯೆಲ್ಲಾ ಆಡ್ಕತಾ ಐತೆ."

ಪಾಲಯ್ಯ ಸುಳ್ಳು ಹೇಳುವವನಲ್ಲ, ಹೇಳಲು ಬರುವುದೂ ಇಲ್ಲ. ಆಗ ನನಗೆ ಹೊಳೆಯಿತು. ನಾನೇ ಬಿಟ್ಟ ನೀರು, ನಾನೇ ಮುಂದೆ ಬಿಟ್ಟ ಮಾತು. ಹಿಂದೆ ಉಳಿದದ್ದು ಏನೆಂದು ಒಂದು ದಿನವೂ ನೋಡಿರಲಿಲ್ಲ. ನಲ್ಲಿಗೆ ಓಡಿದೆ. ಎರಡು ಬಿಂದಿಗೆ ತುಂಬಿದವು, ಬೇಳೆ, ಕಂಬಳಿ. ಬಕೆಟ್ಟಿಟ್ಟೆ, ಯಾವುದೋ ಹೊಸ ಕ್ಷೌರದಂಗಡಿಯ ಹಾಡು. ಹಂಡೆ ಇಟ್ಟೆ, ಅರ್ಧ ಹಂಡೆ ಕಂಪನಿಯ ಶುಭಾಶಯ. ಎಂಟಕ್ಕೆ ನೀರು ನಿಲ್ಲಿಸಬೇಕಾದವನೂ ನಾನೇ, ಗಡಿಯಾರ ಏಳೂವರೆ ದಾಟಿತ್ತು. ಪಾಲಯ್ಯನೂ ಪಂಚೆ ಎತ್ತಿ ಕಟ್ಟಿ ಪಕ್ಕದ ಮನೆಯಿಂದ ಕೊಳಗ ತಂದ, ಪರಾತ ತಂದ, ಕಡೆಗೆ ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನೂ ಬಗ್ಗಿಸಿ ತಂದ. ಏಳನೆಯ ಪಾತ್ರೆಯಲ್ಲಿ ಹೊನ್ನೂರಿ ಬಂದಳು.

ಮೂರು ಸುತ್ತಿನ ಬೀದಿಯಿಂದ ಹೊರಟ ಮಾತು, ತುಂಡು ತುಂಡಾಗಿತ್ತು. "ನಾನು ಕಣಯ್ಯ. ಸಿಟ್ಟು... ಇಳೀತು. ಬಂದು ಕರ್ಕಂಡೋಗು." ಒಂದು ಕ್ಷಣ ಬರೀ ನೀರು. ಮತ್ತೆ, "ನಿನ್ನೆ ದಿನಾ ಎಲ್ಲಾ... ಬಾಗ್ಲಾಗೇ ಕುಂತಿದ್ದೆ. ಅತ್ತಿಗೆ ನಗ್ತಾಳೆ. ಇವತ್ತಾದ್ರೂ... ಬಾ." ಮೂರನೆಯದು ಬರುವಷ್ಟರಲ್ಲಿ ಸಾರಿನ ಪಾತ್ರೆ ತುಂಬಿ ಹರಿಯುತ್ತಿತ್ತು, ನಾನು ಬೊಗಸೆ ಒಡ್ಡಿದೆ. "ಸಜ್ಜದ ಮೇಲೆ ಉಪ್ಪಿನಕಾಯಿ ಐತೆ. ಬೂಸ್ಟು ಹಿಡಿಯಾಕೆ ಮುಂಚೆ... ತಿಂದು ಮುಗ್ಸು. ಬಾ ಅಂತ ಹೇಳಾದು... ಇದೇ ಕಡೆ."

ನಾನು ಅತ್ತೆ. ಹೆಂಡತಿಯ ಅಣ್ಣನ ಎದುರು, ತುಂಬಿದ ಪಾತ್ರೆಗಳ ನಡುವೆ ಕೂತು ಜೋರಾಗಿಯೇ ಅತ್ತೆ. ಮಾಡಿದ್ದುಣ್ಣೋ ಮಹರಾಯ ಎಂದು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ, ಉಣ್ಣುವಾಗ ಇಷ್ಟು ಕಹಿ ಇರುತ್ತದೆ ಎಂದು ಗೊತ್ತಿರಲಿಲ್ಲ. ಪಾಲಯ್ಯ ನನ್ನ ಬೆನ್ನು ತಟ್ಟಿದ. "ನಾನು ಹೋಗಿ ಹೇಳಿದ್ರೆ ಅವಳು ನಂಬಾಕಿಲ್ಲ, ಸಂಧಾನಕ್ಕೆ ಸುಳ್ಳು ಹೇಳ್ತೀಯ ಅಂತಾಳೆ. ಟ್ರಂಕು ಇಲ್ಲದೆ ಹೋದ್ರೆ ಮನೆಯೊಳಗೆ ಬಿಡಾಕಿಲ್ಲ. ಸಂಜೆ ನೀರಾಗೆ ತಪ್ಪಾಯ್ತು ಅನ್ನು. ದೀಪ ಹಚ್ಚೋವರ್ಗೂ ಬೀಗ ತೆಗೀದಂಗೆ ನೋಡ್ಕಂತೀನಿ," ಎಂದು ಟ್ರಂಕು ಹೇರಿಕೊಂಡು ಹೋದ.

ನೀರು ನಿಲ್ಲಿಸಿ ಚಾವಡಿಗೆ ಹೋದೆ. ನನ್ನ ಮುಖ ನೋಡಿ ಪ್ರಭಂಜನರು ಕುರ್ಚಿ ಕೊಟ್ಟರು, ಕಾಫಿ ತರಿಸಿದರು, ಎಲ್ಲ ಕೇಳಿಸಿಕೊಂಡರು. ಕೆಟ್ಟವರಲ್ಲ ಅವರು. "ಇದಕ್ಯಾಕೆ ಇಷ್ಟು ಯೋಚನೆ? ನೀವು ನಮ್ಮ ಸಿಬ್ಬಂದಿ. ಹಿತ್ತಾಳೆ ಬಾಯಲ್ಲಿ ಹೇಳಿ. ಸಂಜೆ ನಾಲ್ಕು ಗಂಟೆ ಒಂದು ನಿಮಿಷಕ್ಕೆ ನಿಮ್ಮ ಮನೆಯವರ ಮೊದಲ ಬಿಂದಿಗೆಯಲ್ಲಿ ಇರುತ್ತೆ." ನನಗೆ ಜೀವ ಬಂದಂತಾಯಿತು. ಕಾಫಿ ಬಿಟ್ಟು ಎದ್ದು, ಹಿತ್ತಾಳೆ ಬಾಯಿಗೆ ಬಾಯಿಟ್ಟೆ. ಹೊನ್ನೂರಿ ಎಂದು ಹೆಸರೂ ಹಿಡಿದೆ. ಅಷ್ಟರಲ್ಲಿ ಕೊನೇಬೀದಿಯ ಆ ನಲ್ಲಿ ಕಣ್ಣ ಮುಂದೆ ಬಂತು. ಅವಳು ಬಿಂದಿಗೆ ಇಡುತ್ತಾಳೆ, ನೀರೇ ಬೇಡದ ಬೇಳೆಯ ಹಾಡು ಬರುತ್ತದೆ, ಅದರ ಬೆನ್ನಿಗೆ ನಾನು ಬರುತ್ತೇನೆ. ಬೂಬಮ್ಮನ ಆರ್ಡರುಗಳನ್ನೂ ಇಪ್ಪತ್ತು ಮನೆಯವರ ಸುಖದುಃಖವನ್ನೂ ಹಿಂದಕ್ಕೆ ದಬ್ಬಿ ಗಂಡ ತಪ್ಪಾಯಿತು ಎನ್ನುತ್ತಾನೆ. ಯಾವುದಕ್ಕಾಗಿ ಬಿಟ್ಟು ಹೋದಳೋ ಅದನ್ನೇ ಮಾಡುತ್ತಾ ಬಾ ಎಂದರೆ ಬರುವವಳೇ? ನನ್ನ ಹೆಂಡತಿಯನ್ನು ನಾನು ಬಲ್ಲೆ. ಟ್ರಂಕಿನ ಬೀಗವನ್ನು ಕಲ್ಲಿನಲ್ಲಿ ಒಡೆದು ತೆಗೆಯುತ್ತಾಳೆ.

ಟೋಪಿ ತೆಗೆದು ಹಿತ್ತಾಳೆ ಬಾಯಿಗೆ ಮುಚ್ಚಿದೆ. ಪಕ್ಕದಲ್ಲಿ ಪೀಪಿ ಇಟ್ಟೆ. "ಸಾರ್, ಇವತ್ತು ಸಂಜೆಯಿಂದ ಈ ಬಾಯಿಗೆ ನೀರು ಬಿಡಾಕಿಲ್ಲ. ಎಲ್ಲಾ ಬೀದಿಗೂ ಏಳು ಸುತ್ತು," ಎಂದೆ.

ಅವರಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಯಿತು. "ಯೋಚನೆ ಮಾಡಿ. ಸರದಿಯಲ್ಲಿ ಬಿಟ್ಟರೆ ಆ ಬೀದಿಗೆ ಎರಡು ತಿಂಗಳ ಮಾತು ಬಾಕಿ ಇದೆ. ಅಷ್ಟೂ ನಿಮ್ಮ ಮಾತಿಗಿಂತ ಮುಂದೆ ಹೋಗುತ್ತೆ. ನಿಮ್ಮದು ಇವತ್ತು ಅಲ್ಲಿಗೆ ತಲುಪೋದೇ ಇಲ್ಲ."

"ಗೊತ್ತು ಸಾರ್."

"ನಾನು ಕಚೇರಿಗೆ ದೂರು ಹೇಳಬೇಕಾಗುತ್ತೆ."

"ಹೇಳಿ ಸಾರ್, ನಲ್ಲಿ ಹೊರಗೈತೆ. ಹದಿನಾಕು ಜನ ನಿಂತವ್ರೆ, ಕಡೇಗೆ ನಿಂತ್ಕಳಿ," ಎಂದು ಹೊರಬಂದೆ. ಅವರು ನಿಜಕ್ಕೂ ಹೋಗಿ ಕಡೆಗೆ ನಿಂತರು, ಹೇಳಿದೆನಲ್ಲ, ಮರ್ಯಾದಸ್ಥರು. ನಾನು ಮನೆಗೆ ಬಂದು ನನ್ನ ನಲ್ಲಿಗೆ ಬಾಯಿಟ್ಟು ಹೇಳುವುದನ್ನು ಹೇಳಿದೆ. ಹೆಚ್ಚು ಹೇಳಲಾಗಲಿಲ್ಲ.

ನಾಲ್ಕಕ್ಕೆ ವಾಲ್ವುಗಳನ್ನು ತಿರುಗಿಸುತ್ತಾ ಕೊನೇಬೀದಿಗೆ ಬಂದೆ. ಟ್ರಂಕು ತರಿಸಿಕೊಂಡ ಮನೆಗೆ ಗಂಡ ಹೋಗಬಾರದು, ಆದರೆ ವಾಲ್ವಿನ ಗುಂಡಿಯ ಹತ್ತಿರ ನೀರುಗಂಟಿ ನಿಲ್ಲಬಾರದೆಂದು ಎಲ್ಲಿಯೂ ಇಲ್ಲ. ಏಳನೇ ಸುತ್ತು ಮುಗಿಯುತ್ತಿದ್ದಂತೆ ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಇಪ್ಪತ್ತು ಮನೆಗಳಲ್ಲಿ ಎರಡು ತಿಂಗಳು ಒಟ್ಟಿಗೆ ಮಾತನಾಡತೊಡಗಿತು. ಹಾಡಿಲ್ಲ, ಬೇಳೆಯಿಲ್ಲ. ಒಂದು ಮನೆಯಲ್ಲಿ ಮುಗಿದ ಮದುವೆಗೆ ಕರೆ ಬಂತು, ಮನೆಯವರು ಹೋಗದ್ದಕ್ಕೆ ಬೈಗುಳ ಅದರ ಹಿಂದೆಯೇ ಬಂತು. ಜೈಬುನ್ನೀಸಾ ಬೂಬಮ್ಮನ ಜಗಲಿಯಲ್ಲಿ ಕೌದಿಗೆ ಆರ್ಡರಿನ ಮೇಲೆ ಆರ್ಡರು, ಹನ್ನೊಂದು. ಕಡೆಕಡೆಯವು ಜಗಳದ ದನಿಯಲ್ಲಿದ್ದವು. ಆಮೇಲೆ ಅವಳ ತಂಗಿಯ ಮಗಳು ಹೆತ್ತ ಸುದ್ದಿ. "ಯಾ ಅಲ್ಲಾ, ಕೂಸು ಇಷ್ಟೊತ್ಗೆ ನಗಾಕೆ ಕಲ್ತಿರ್ಬೇಕು!" ಎಂದು ಕೊಪ್ಪರಿಗೆಯನ್ನು ತಬ್ಬಿಕೊಂಡು ನಕ್ಕಳು, ಹಾಗೆಯೇ ಕಣ್ಣೊರೆಸಿಕೊಂಡಳು. ನಾಚಿಕೆಯೂ ಸಂತೋಷವೂ ಒಟ್ಟಿಗೇ ಆದರೆ ಮನುಷ್ಯ ಎಲ್ಲಿ ನೋಡಬೇಕು? ನಾನು ಗುಂಡಿಯೊಳಗೆ ನೋಡುತ್ತಾ ನಿಂತೆ.

ಪಾಲಯ್ಯನ ಮನೆಯ ಅಂಗಳದಲ್ಲಿ ಹೊನ್ನೂರಿ ಟ್ರಂಕಿನ ಮೇಲೆ ಕೂತಿದ್ದಳು, ಕೈಯಲ್ಲಿ ಕೀಲಿ. ಅವಳ ನಲ್ಲಿಯಲ್ಲಿ ಬರೀ ನೀರು ಬರುತ್ತಿತ್ತು, ಮಾತಿಲ್ಲ. ಬಿಂದಿಗೆ ತುಂಬಿತು, ಬಕೆಟ್ಟು ತುಂಬಿತು. ಬೀದಿಗೆ ವಿಷಯ ಗೊತ್ತಾಗಿಬಿಟ್ಟಿತ್ತು. ತಮ್ಮ ಮಾತು ಕೇಳಿಸಿಕೊಂಡು ಮುಗಿಸಿದವರೆಲ್ಲ ತಂತಮ್ಮ ಪಾತ್ರೆ ತಂದು ಅವಳ ನಲ್ಲಿಗೆ ಒಡ್ಡಿದರು. ಬೂಬಮ್ಮ ಕೊಪ್ಪರಿಗೆ ಉರುಳಿಸಿಕೊಂಡೇ ಬಂದಳು. "ಇದ್ರೊಳಗೆ ಬರ್ತಾನೆ ನೋಡು ನಿನ್ನ ಗಂಡ," ಎಂದಳು. ಕೊಪ್ಪರಿಗೆಯೂ ತುಂಬಿತು. ಅತ್ತಿಗೆ ಈಗ ನಗುತ್ತಿರಲಿಲ್ಲ, ಅಡುಗೆಮನೆಯಿಂದ ಲೋಟಗಳನ್ನು ತಂದು ಸಾಲಾಗಿ ಇಡುತ್ತಿದ್ದಳು.

ಆರು ಗಂಟೆಯಾಯಿತು. ಇನ್ನು ಹತ್ತು ನಿಮಿಷ ಬಿಟ್ಟಿದ್ದರೆ ಬರುತ್ತಿತ್ತೋ ಏನೋ. ವಾಲ್ವು ತಿರುಗಿಸುವ ಕೋಲು ನನ್ನ ಕೈಯಲ್ಲೇ ಇತ್ತು, ಕೇಳುವವರು ಯಾರೂ ಇರಲಿಲ್ಲ. ನನ್ನ ಹೆಂಡತಿ ಅಂಗಳದಿಂದ ನನ್ನನ್ನೇ ನೋಡುತ್ತಿದ್ದಳು. ಬೇರೆ ಬೀದಿಗಳಿಗೆ ಆರಕ್ಕೆ ನಿಲ್ಲುವ ನೀರು ಈ ಬೀದಿಗೂ ಆರಕ್ಕೇ ನಿಲ್ಲಬೇಕು. ತಿರುಗಿಸಿದೆ. ಅಷ್ಟು ಭಾರದ ವಾಲ್ವನ್ನು ನಾನು ಯಾವತ್ತೂ ತಿರುಗಿಸಿರಲಿಲ್ಲ. ನಲ್ಲಿ ಸಣ್ಣಗಾಗಿ, ತೊಟ್ಟಿಕ್ಕಿ, ನಿಂತಿತು. ಪಾಲಯ್ಯ ದೀಪದ ಬತ್ತಿಗೆ ಎಣ್ಣೆ ಹಾಕುತ್ತಲೇ ಇದ್ದ.

ಹೊನ್ನೂರಿ ಎದ್ದು ಬೀದಿಗೆ ಬಂದಳು. ಗುಂಡಿಯ ಆಚೆ ಅವಳು, ಈಚೆ ನಾನು. ನಾನು ಬಾಯಿ ತೆರೆದೆ. "ಬಾಯಾಗೆ ಹೇಳ್ಬೇಡ," ಎಂದಳು ತಕ್ಷಣ. "ನೀರಾಗೆ ಹೇಳಿದೀಯೋ?"

"ಹೇಳಿದೀನಿ."

"ಆ ಹಿತ್ತಾಳೆ ಬಾಯಾಗಾ?"

"ನಮ್ಮನೆ ನಲ್ಲೀಲಿ."

"ಎಲ್ಲೈತೆ ಈಗ?"

"ದಾರ್ಯಾಗೈತೆ. ನಿಮ್ಮ ಬೀದಿಯವ್ರದೇ ಇನ್ನೊಂದಿಷ್ಟು ಮುಂದೈತೆ. ನಾಳೆ ಬೆಳಿಗ್ಗೆ ಬತ್ತದೆ."

ಅವಳು ನನ್ನ ಬರಿ ತಲೆಯನ್ನು ನೋಡಿದಳು. ಟೋಪಿ ಹಾಕಿ ಹಾಕಿ ಕೂದಲೆಲ್ಲ ಅಂಟಿಕೊಂಡಿತ್ತು. "ಉದ್ದ ಐತಾ ಮಾತು?"

"ಎರಡೇ ಮಾತು."

"ಎರಡು ಮಾತಾಡಾಕೆ ಇಪ್ಪತ್ಮೂರು ದಿನ ಬೇಕಾಯ್ತಾ ನಿನಗೆ?" ಎಂದಳು. ಬಹುವಚನ ಇರಲಿಲ್ಲ. ಹಿಂದೆ ಪಾಲಯ್ಯ ದೀಪ ಹಚ್ಚಿದ. ರೂಢಿಯ ಹೊತ್ತು ಬಂದಿತ್ತು, ಬೀದಿಯವರೆಲ್ಲ ತುಂಬಿದ ಪಾತ್ರೆಗಳ ಪಕ್ಕ ನಿಂತು ನೋಡುತ್ತಿದ್ದರು. ಹೊನ್ನೂರಿ ಗುಂಡಿಯ ಮೇಲಿಂದ ಕೈ ಚಾಚಿ ಟ್ರಂಕಿನ ಕೀಲಿಯನ್ನು ನನ್ನ ಅಂಗೈಗೆ ಹಾಕಿದಳು.

"ನಾಳೆ ಗಂಟ ನೀನೇ ಇಟ್ಕ," ಎಂದಳು. "ನನ್ನ ಸೀರೆಯೆಲ್ಲಾ ಅದ್ರಾಗೇ ಐತೆ, ನನ್ನ ಕೈಲಿದ್ರೆ ಮನಸ್ಸು ತಡಿಯಾಕಿಲ್ಲ."